ಮೊದಲೇ ಹಾಕಿದ ಅಂಚು

ಸೊಸೆ ಬಿಳಿ ಹೊದಿಕೆಯನ್ನು ತಂದು ಅತ್ತೆಯ ಮಡಿಲಿಗೆ ಹಾಕಿ, ಅದರ ಮೇಲೆ ಬಣ್ಣದ ಉಲ್ಲನ್ ಉಂಡೆಗಳ ಬುಟ್ಟಿಯನ್ನೂ ಇಟ್ಟಳು.

"ಅಂಚು ಹಾಕಿ ಅತ್ತೆ. ಇವತ್ತೇ."

"ಮೊದಲು ನೀನು ಆಸ್ಪತ್ರೆಗೆ ಹೋಗಿ ಬಾ," ಎಂದರು ಅತ್ತೆ, ಬುಟ್ಟಿಯನ್ನು ಪಕ್ಕಕ್ಕೆ ಸರಿಸುತ್ತ. "ಆಮೇಲೆ ನಾನಿದ್ದೀನಲ್ಲ. ಅರ್ಧ ದಿನದ ಕೆಲಸ."

ಆ ಮನೆಯ ಮಕ್ಕಳು ಮೊಮ್ಮಕ್ಕಳಿಗೆಲ್ಲ ಕ್ರೋಶಾ ಹೊದಿಕೆ ಹೆಣೆದುಕೊಟ್ಟವರು ಈ ಅತ್ತೆಯೇ. ಮೈಯೆಲ್ಲ ಬಿಳಿ, ಸುತ್ತಲೂ ಬಣ್ಣಬಣ್ಣದ ಅಂಚು. ಮೈಯನ್ನು ಮೊದಲೇ ಹೆಣೆದಿಡುತ್ತಿದ್ದರು; ಅಂಚು ಮಾತ್ರ ಮಗು ಮನೆಗೆ ಬಂದ ಮೇಲೆಯೇ. ಮುಖ ನೋಡದೆ ಬಣ್ಣ ಹೇಗೆ ಆರಿಸಲಿ ಎನ್ನುವುದು ಅವರು ಕೊಡುತ್ತಿದ್ದ ಕಾರಣ. ಎರಡು ವರ್ಷದ ಹಿಂದೆ, ಇದೇ ಸೊಸೆಯ ಮೊದಲ ಬಸಿರಿನಲ್ಲಿ, ಖುಷಿ ತಡೆಯಲಾರದೆ ಏಳನೇ ತಿಂಗಳಿಗೇ ಅಂಚು ಮುಗಿಸಿಬಿಟ್ಟಿದ್ದರು. ಮಗು ಉಳಿಯಲಿಲ್ಲ. ಯಾರೂ ಅವರನ್ನು ಒಂದು ಮಾತು ಅನ್ನಲಿಲ್ಲ. ಅನ್ನುವ ಕೆಲಸವನ್ನು ಅವರೇ ವಹಿಸಿಕೊಂಡರು.

ಈಗ ಮತ್ತೆ ದಿನ ತುಂಬಿತ್ತು. ಮರುದಿನ ಬೆಳಿಗ್ಗೆ ಬಂದು ಸೇರಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಆದರೂ ಮನೆಯಲ್ಲಿ ತೊಟ್ಟಿಲಿಲ್ಲ, ಒಂದು ಪುಟ್ಟ ಅಂಗಿಯೂ ಇಲ್ಲ. ಸೊಸೆ ತೊಟ್ಟಿಲು ತರೋಣವೇ ಎಂದರೆ ಅವಳ ಗಂಡ "ನೋಡೋಣ" ಅನ್ನುತ್ತಿದ್ದ. ಹೆಸರು ಯೋಚಿಸೋಣವೇ ಎಂದರೂ "ನೋಡೋಣ". ಅವನದು ಕನ್ನಡಕದ ಅಂಗಡಿ. ನೋಡುವುದೇ ನಿಮ್ಮ ಕಸುಬು ಬಿಡಿ ಎಂದು ಅವಳು ಒಮ್ಮೆ ರೇಗಿಸಿದ್ದಳು. ಅವನು ನಕ್ಕಿರಲಿಲ್ಲ.

"ಹೋದ ಸಲ ಆಗಿದ್ದು ಅಂಚಿನಿಂದಲ್ಲ ಅತ್ತೆ," ಎಂದಳು ಸೊಸೆ.

"ಗೊತ್ತು."

"ಗೊತ್ತಿದ್ರೆ ಹಾಕಿ."

"ತಲೆಗೆ ಗೊತ್ತು. ಕೈ ಕೇಳ್ಬೇಕಲ್ಲ."

ಸೊಸೆ ಹೊದಿಕೆಯನ್ನು ವಾಪಸ್ಸು ತೆಗೆದುಕೊಂಡು ಎದುರಿನ ಕುರ್ಚಿಯಲ್ಲಿ ಕೂತು, ಕಷ್ಟಪಟ್ಟು ಕಾಲು ಚಾಚಿ, ಕಡ್ಡಿಗೆ ಕೆಂಪು ದಾರ ಹಾಕಿದಳು. ಕಡ್ಡಿ ಹಿಡಿಯುವುದನ್ನು ಅತ್ತೆಯಿಂದಲೇ ಅಷ್ಟಿಷ್ಟು ಕಲಿತಿದ್ದಳು. ಅತ್ತೆ ಒಣಗಿದ ಬಟ್ಟೆಗಳ ರಾಶಿಯನ್ನು ಮುಂದೆ ಎಳೆದುಕೊಂಡು ಒಂದೇ ಟವೆಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿದ್ದರು. ಕಣ್ಣು ಮಾತ್ರ ಕಡ್ಡಿಯ ಮೇಲೆ. ಮೊದಲ ಮೂಲೆ ಬಂತು. ಸೊಸೆ ಅಲ್ಲೂ ಒಂದೇ ಕುಣಿಕೆ ಹಾಕಿ ತಿರುಗಿಸಿದಳು. ಮೂಲೆ ಮೇಲಕ್ಕೆದ್ದು ಬಟ್ಟಲಿನಂತೆ ಮುದುರಿಕೊಂಡಿತು. ಎರಡನೇ ಮೂಲೆಯದೂ ಅದೇ ಪಾಡು.

"ಅದೇನು ಹೊದಿಕೆನೋ, ಟೋಪಿನೋ?" ಅತ್ತೆಗೆ ತಡೆಯಲಾಗಲಿಲ್ಲ.

"ಟೋಪಿನೇ ಆಗ್ಲಿ. ನಂಗೆ ಮುಗಿದ್ರೆ ಸಾಕು."

"ಮೂಲೇಲಿ ಒಂದೇ ತೂತಿಗೆ ಮೂರು ಕುಣಿಕೆ ಹಾಕ್ಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ!"

"ಹಾಗಾದ್ರೆ ಹಾಕಿ ತೋರ್ಸಿ."

ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅವರಿಗೆ ನಿಜಕ್ಕೂ ಭಯವಾಗಿತ್ತು. ಸೊಸೆ ಕಡ್ಡಿಯನ್ನು ಮಡಿಲಲ್ಲಿಟ್ಟಳು.

"ಅತ್ತೆ, ನನ್ನ ಹೊಟ್ಟೆ ಬಾಗಿಲು ದಾಟುವಷ್ಟು ಮುಂದೆ ಬಂದಿದೆ. ಆದ್ರೆ ಈ ಮನೇಲಿ ಮಗು ಅನ್ನೋ ಮಾತು ಯಾರ ಬಾಯಲ್ಲೂ ಬಂದಿಲ್ಲ. ನೀವು ಅನ್ನಲ್ಲ, ಇವರು ಅನ್ನಲ್ಲ. ನಂಗೇನೋ ದೊಡ್ಡ ಕಾಯಿಲೆ ಅನ್ನೋ ಹಾಗೆ ಮೆಲ್ಲಗೆ ಮಾತಾಡ್ತೀರಿ. ನಾಳೆ ಏನಾದ್ರೂ ಆಗ್ಲಿ. ಇವತ್ತು ಒಂದು ದಿನ, ಅದನ್ನ ಬಾ ಅಂತ ಕರೆಯೋಕೆ ನಾನೊಬ್ಳೇನಾ?"

ಅತ್ತೆ ಟವೆಲನ್ನು ಪಕ್ಕಕ್ಕಿಟ್ಟು ಎದ್ದು ಬಂದು, ಸೊಸೆಯ ಮಡಿಲಿಂದ ಹೊದಿಕೆಯನ್ನು ಎತ್ತಿಕೊಂಡರು. ದಾರದ ತುದಿ ಹಿಡಿದು ಮೊದಲ ಮೂಲೆಯವರೆಗೂ ಸರಸರ ಬಿಚ್ಚಿದರು. ಮೂಲೆಯಲ್ಲಿ ಮೂರು ಹಾಕಿದರು. ಮುದುರಿದ್ದು ನೆಟ್ಟಗೆ ಮಲಗಿತು. ಕೆಂಪಿನ ಸುತ್ತು ಮುಗಿದ ಮೇಲೆ ಹಳದಿ, ಅದರಾಚೆ ಗಿಳಿಹಸಿರು. ಕೊನೆಗೆ ಸಣ್ಣ ಸಣ್ಣ ನೀಲಿ ಕಮಾನುಗಳು. ಸೊಸೆ ದಾರ ಸಡಿಲಿಸಿ ಕೊಡುತ್ತ ಕೂತಳು.

ಸಂಜೆ ಗಂಡ ಅಂಗಡಿಯಿಂದ ಬಂದವನು ಬಾಗಿಲಲ್ಲೇ ನಿಂತ. ಅಮ್ಮನ ಕೈಯಲ್ಲಿದ್ದ ಬಣ್ಣಗಳನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ. ಕುರ್ಚಿಯ ಕೆಳಗೆ ಉರುಳಿಹೋಗಿದ್ದ ನೀಲಿ ಉಂಡೆಯನ್ನು ಬಗ್ಗಿ ಎತ್ತಿಕೊಟ್ಟ.

ಕೊನೆಯ ಕುಣಿಕೆಯಲ್ಲಿ ಅತ್ತೆಯ ಕೈ ನಿಂತಿತು. ಸೊಸೆ ಕತ್ತರಿ ತಂದಳು. ಅತ್ತೆ ದಾರವನ್ನು ಬಿಗಿಹಿಡಿದರು, ಅವಳು ಕತ್ತರಿಸಿದಳು. ತುದಿಯನ್ನು ಕುಣಿಕೆಯೊಳಗೆ ತೂರಿಸಿ ಎಳೆದು, ಹಿಂಬದಿಯಲ್ಲಿ ಅಡಗಿಸಿದ್ದಾಯಿತು. ಮೂವರೂ ಹೊದಿಕೆಯನ್ನು ಮಂಚದ ಮೇಲೆ ಹರಡಿ ನಿಂತರು.

ಅತ್ತೆ ಗೇಣು ಹಾಕಿ ಉದ್ದ ಅಳೆದರು. ಮಗನ ಕಾಲುಗಳನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೊಮ್ಮೆ ಅಳೆದು, ಮುಖ ಸಿಂಡರಿಸಿ ಸೊಸೆಯ ಕಡೆ ತಿರುಗಿದರು.

"ಚಿಕ್ಕದಾಯ್ತು ಕಣೇ. ಮಗೂಗೆ ಇವನ ಥರದ್ದೇ ಒಂಟೆ ಕಾಲು ಬಂದ್ರೆ, ಸ್ಕೂಲಿಗೆ ಹೋಗೋ ಹೊತ್ತಿಗೆ ಪಾದ ಹೊರಗೇ."