ಚಾಚಿದ ಕೈ

ಚಿತ್ರದ ಮೇಲಿನ ಬಟ್ಟೆ ಸರಿಯುತ್ತಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಟಕದಲ್ಲಿ ನಟರಿಗೆ ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರಮ್ಮನ ಕಣ್ಣು ಮಾತ್ರ ರಾಜನ ಬಲಗೈಯಲ್ಲಿ ನೆಟ್ಟುಹೋಯಿತು. ಆ ರಾಜನ ವೇಷದಲ್ಲಿದ್ದವನು ಅವಳ ಗಂಡ. ಹೋದ ವರ್ಷ, ರಾಜ ಸಾಯುವ ದೃಶ್ಯದಲ್ಲೇ, ರಂಗದ ಮೇಲೆ ನಿಜವಾಗಿ ಪ್ರಾಣ ಬಿಟ್ಟಿದ್ದ.

“ರಾಜ ಕೈಯನ್ನ ಆಕಾಶಕ್ಕೆ ಎತ್ತಬೇಕಿತ್ತಂತಲ್ಲ ಅಕ್ಕಾ, ಅಣ್ಣ ಪಕ್ಕಕ್ಕೆ ಚಾಚಿದ್ರು,” ಅವತ್ತು ಮುಂದಿನ ಸಾಲಲ್ಲಿ ಕೂತು ಗೀಚಿಕೊಂಡಿದ್ದ ಚಿತ್ರಗಾರ ಹಿಗ್ಗಿ ಹೇಳಿದ. “ಸಾವಿನ ಬಾಗಿಲನ್ನೇ ತಡಕ್ತಿದ್ದಾರೆ ಅನ್ನಿಸ್ತು. ಇದ್ದದ್ದು ಇದ್ದ ಹಾಗೇ ಬರೆದೆ, ಒಂದು ಬೆರಳೂ ಬದಲಾಯಿಸಿಲ್ಲ.”

ಬಾಗಿಲೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಆ ಪಕ್ಕದಲ್ಲಿ, ಪರದೆಯ ಮರೆಯಲ್ಲಿ, ನಾಟಕದ ಪುಸ್ತಕ ಹಿಡಿದು ನಿಂತಿದ್ದವಳು ಅವಳು. ಮಾತು ಮರೆತರೆ ಎರಡು ಬೆರಳು ಮಡಚಿ ಅವಳತ್ತ ಕೈ ಚಾಚುವುದು ಗಂಡಹೆಂಡಿರ ಮೂವತ್ತು ವರ್ಷದ ಗುಟ್ಟು. ಅವತ್ತೂ ಕೈ ಬಂದದ್ದನ್ನು ಓರೆಗಣ್ಣಲ್ಲಿ ಕಂಡಿದ್ದಳು. ಬೆರಳು ನೋಡಿರಲಿಲ್ಲ.

ಚಿತ್ರದಲ್ಲಿ ಒಂದು ಬೆರಳೂ ಮಡಚಿರಲಿಲ್ಲ. ಮುಳುಗುವವನ ಕೈಯ ಹಾಗೆ ಐದೂ ಬಿಚ್ಚಿಕೊಂಡು ಅವಳನ್ನು ಕರೆಯುತ್ತಿದ್ದವು. ಅವಳೋ ರಾಜನ ಮಾತು ಎತ್ತಿಕೊಟ್ಟಿದ್ದಳು, ಒಮ್ಮೆಯಲ್ಲ, ಮೂರು ಸಲ, ಈ ಮುದುಕನಿಗೆ ಇಷ್ಟೂ ನೆನಪಿರಲ್ವಾ ಅಂತ ಗೊಣಗಿಕೊಂಡು, ಕೊನೆಯ ಸಲ ಹಲ್ಲು ಕಚ್ಚಿ: “ಯಾರೂ ನನ್ನ ಹತ್ತಿರ ಬರಬೇಡಿ!”

ಅವಳ ಮಾತನ್ನು ಎಂದೂ ತೆಗೆದುಹಾಕದ ಮನುಷ್ಯ, ಉಳಿದಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಅದನ್ನೇ ಹೇಳಿದ. ಯಾರೂ ಹೋಗಲಿಲ್ಲ.