ಮೇಲಿನಿಂದ ಮೂರನೆಯದು

ಬೆಳಿಗ್ಗೆ ಏಳಕ್ಕೆ, ವೆಬ್‌ಸೈಟುಗಳ ತಪ್ಪು ಹುಡುಕುವ ಕೆಲಸದ ಟೆಸ್ಟರ್ ಬರೆದಿಟ್ಟ ಪ್ರೋಗ್ರಾಮು ಆಸ್ಪತ್ರೆಯ ವೆಬ್‌ಸೈಟನ್ನು ತಾನೇ ತೆರೆದು, ಆಪರೇಷನ್ ಪಟ್ಟಿಯಲ್ಲಿ ಮೇಲಿನಿಂದ ಮೂರನೆಯ 'ರದ್ದುಮಾಡಿ' ಬಟನ್ ಒತ್ತಿತು. ಆ ಸಾಲಿನಲ್ಲಿ ಪರೀಕ್ಷೆಗೆಂದೇ ಹುಟ್ಟಿಸಿದ ಸುಳ್ಳು ರೋಗಿ ಇರಬೇಕಿತ್ತು. ಹಿಂದಿನ ಸಂಜೆ ಯಾರೋ ಪಟ್ಟಿಯ ಮೇಲ್ತುದಿಗೆ ಹೊಸ ಹೆಸರೊಂದನ್ನು ಸೇರಿಸಿದ್ದರಿಂದ ಎಲ್ಲರೂ ಒಂದೊಂದು ಸಾಲು ಕೆಳಗಿಳಿದಿದ್ದರು. ರದ್ದಾದದ್ದು ಎಪ್ಪತ್ತೆರಡರ ಅಜ್ಜಿಯೊಬ್ಬರ ಕಣ್ಣಿನ ಪೊರೆಯ ಆಪರೇಷನ್. ಖಾಲಿ ಹೊಟ್ಟೆಯಲ್ಲಿ ಬಂದು ಕೂತಿದ್ದವರನ್ನು, ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ ಎಂದು ವಾಪಸು ಕಳಿಸಿದ್ದರು.

ಆ ಪುಟದಲ್ಲಿದ್ದದ್ದು ಒಂದೇ ಬಣ್ಣ, ಒಂದೇ ಅಳತೆಯ ಇಪ್ಪತ್ತು ಬಟನ್‌ಗಳು. ಎಲ್ಲದರ ಮೇಲೂ ಅದೇ ಪದ. ಪ್ರೋಗ್ರಾಮು ಎಣಿಸದೆಯೇ ಕಂಡುಹಿಡಿಯುವಂತೆ ಒಂದೊಂದಕ್ಕೂ ಕೋಡಿನ ಒಳಗಡೆ ಬೇರೆ ಬೇರೆ ಗುರುತು ಕೊಡಿ ಎಂದು ಟೆಸ್ಟರ್ ಐದು ತಿಂಗಳಿಂದ ಕೋಡ್ ಬರೆಯುವವನ ಬೆನ್ನು ಬಿದ್ದಿದ್ದಳು. ಹತ್ತು ನಿಮಿಷದ ಕೆಲಸ. ಅವನು ಪ್ರತಿ ಸಲವೂ ನಕ್ಕು, "ಎಣಿಸ್ಕೊಳ್ಳಿ ಅಕ್ಕಾ, ಮೂರರವರೆಗೆ ಬರುತ್ತಲ್ಲ?" ಎನ್ನುತ್ತಿದ್ದ. ಇವತ್ತು ಹೋಗಿ ಕೇಳಿದರೆ ಕುರ್ಚಿ ಅತ್ತ ತಿರುಗಿಸಿ, ಒತ್ತಿದ್ದು ತನ್ನ ಕೋಡ್ ಅಲ್ಲವಲ್ಲ ಎಂದ.

ತನ್ನ ಜಾಗಕ್ಕೆ ಮರಳಿದಾಗ ಪಕ್ಕದ ಮೇಜಿನ ಗೆಳತಿ ಒಂದು ಕಾಗದ ಹಿಡಿದು ಬಿಳಿಚಿಕೊಂಡಿದ್ದಳು. ಇಂದಿನ ತಪ್ಪಿಗಾಗಿ ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ ಎಂದಿತ್ತು ಅದರಲ್ಲಿ. ಹೆಸರಿರಲಿಲ್ಲ. 'ಟೆಸ್ಟಿಂಗ್, ಮೂರನೇ ಸೀಟು' ಎಂದಷ್ಟೇ ಇತ್ತು. ಯಾರನ್ನೇ ಆಗಲಿ ಕಿಟಕಿಯಿಂದ ಸೀಟು ಎಣಿಸಿ ಕರೆಯುವುದು ಮ್ಯಾನೇಜರರ ರೂಢಿ.

"ನಾನೇನೇ ಮಾಡ್ದೆ?" ಎಂದಳು ಗೆಳತಿ.

ಅವಳು ಏನೂ ಮಾಡಿರಲಿಲ್ಲ. ಸೋಮವಾರ ಕಿಟಕಿಯ ಪಕ್ಕಕ್ಕೆ ಹೊಸಬಳೊಬ್ಬಳು ಬಂದಿದ್ದಳು. ಎಲ್ಲರೂ ಒಂದೊಂದು ಮೇಜು ಸರಿದು, ಟೆಸ್ಟರ್ ಕೂರುತ್ತಿದ್ದ ಮೂರನೇ ಸೀಟಿಗೆ ಗೆಳತಿ ಬಂದಿದ್ದಳು. ಟೆಸ್ಟರ್ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಅವಳು ಗೆಳತಿಯ ಕೈಯಿಂದ ಕಾಗದ ಕಿತ್ತುಕೊಂಡು ಮ್ಯಾನೇಜರರ ಕೋಣೆಗೆ ನುಗ್ಗಿದಳು.

"ಸರ್, ಇದು ತಪ್ಪು ಮೇಜಿಗೆ ಹೋಗಿದೆ. ಆ ಪ್ರೋಗ್ರಾಮ್ ಬರೆದವಳು ನಾನು."

ಮ್ಯಾನೇಜರ್ ಗಾಜಿನಾಚೆ ನೋಡುತ್ತ ಬೆರಳು ಮಡಚಿ ಎಣಿಸಿ, ಮೂರನೆಯದೇ ಅಲ್ಲವೇ ಎಂದರು.

"ಎಣಿಕೆ ಸರಿಯಾಗೇ ಇದೆ. ನನ್ನ ಪ್ರೋಗ್ರಾಮೂ ಸರಿಯಾಗೇ ಎಣಿಸ್ತು. ಸಾಲಿನ ಮೊದಲಿಗೆ ಹೊಸಬರು ಬಂದಿದ್ದು ಅದಕ್ಕೂ ಗೊತ್ತಿರ್ಲಿಲ್ಲ, ನಿಮಗೂ ಗೊತ್ತಿಲ್ಲ." ಕಾಗದವನ್ನು ಅವರ ಕೀಬೋರ್ಡಿನ ಮೇಲಿಟ್ಟಳು. "ಮೊದಲು ಆ ಅಜ್ಜಿಗೆ ನಾಳೆಗೇ ಆಪರೇಷನ್ ಇಡ್ಸಿ. ಬಟನ್‌ಗಳಿಗೆ ಗುರುತು ಹಾಕ್ಸಿ. ಆಮೇಲೆ ನನ್ನ ಕಾಗದ ನನಗೇ ಬರೆದುಕೊಡಿ, ತಗೊಂಡು ಹೋಗ್ತೀನಿ."

ಮ್ಯಾನೇಜರ್ ಬಿಳಿ ಹಾಳೆಯೊಂದನ್ನು ಎಳೆದುಕೊಂಡರು. ಪೆನ್ನು ಹಾಳೆ ಮುಟ್ಟುವ ಮುಂಚೆಯೇ ನಿಂತಿತು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವಳ ಮುಖವನ್ನು ದಿಟ್ಟಿಸಿ ನೋಡಿದರು.

"ನಿಮ್ಮ ಹೆಸರು?"