ತೊಳೆದ ಕ್ಯಾನು

ಕ್ಯಾನು ತೊಳೆದದ್ದು ನಾನೇ ಇರಬೇಕು, ಅಥವಾ ಹಾಗೆಂದು ಆಮೇಲೆ ಕಟ್ಟಿಕೊಂಡೆನೋ. ಡೀಸೆಲ್ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ. ಹಾವು ಕಚ್ಚಿದ ಅಮ್ಮನನ್ನು ಪಿಕಪ್‌ನ ಹಿಂದೆ ಮಲಗಿಸಿ, ಮನೆಯಲ್ಲಿ ನೀರಿನ ಕ್ಯಾನೊಂದರಲ್ಲಿ ತುಂಬಿಟ್ಟಿದ್ದ ಡೀಸೆಲ್ ಸುರಿದುಕೊಂಡು ಪಾವಗಡದ ಆಸ್ಪತ್ರೆಗೆ ಹೊರಟಿದ್ದೆವು. ವಳ್ಳೂರು ದಾಟುತ್ತಲೇ ಗಾಡಿ ಕೆಮ್ಮಿ ನಿಂತಿತು. ಅಪ್ಪ ಫಿಲ್ಟರ್ ಬಿಚ್ಚಿ ಅಂಗೈಗೆ ಸುರಿದುಕೊಂಡ. ಡೀಸೆಲ್ ನಡುವೆ ನೀರು ಮಣಿಮಣಿಯಾಗಿ ಉರುಳಿತು.

“ಕ್ಯಾನ್ ತೊಳ್ದು ಒಣಗಿಸ್ದೆ ಇಟ್ಟೋರ್ ಯಾರೇ?”

ಕುಡಿಯುವ ನೀರಿನ ಕ್ಯಾನುಗಳನ್ನು ದಿನವೂ ತೊಳೆದಿಡುತ್ತಿದ್ದವಳು ನಾನು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಮ್ಮ, “ನಾನೇ ಕಣಯ್ಯ. ಮಗೀನ್ ಮ್ಯಾಲ್ಯಾಕ್ ಕೂಗಾಡ್ತೀಯ? ಗಾಡಿ ನೋಡು,” ಎಂದಳು.

ಅಪ್ಪ ಮೂರು ಸಲ ನೀರು ಬಸಿದ. ಗಾಡಿ ಹೊರಟಾಗ ಅಮ್ಮ ಮಾತಾಡುತ್ತಿರಲಿಲ್ಲ. ಮತ್ತೆ ಮಾತಾಡಲೂ ಇಲ್ಲ.

ತೊಳೆದದ್ದು ಯಾರೆಂದು ನನಗೆ ಗೊತ್ತಿಲ್ಲ.